ಕಾರ್ಕಳ ಕೋರ್ಟಿನಲ್ಲಿ ಶೀನನ ಹೆಸರು

ಹೆಣ್ಣು ನೋಡಲು ಬಂದ ಗಂಡು ತನ್ನ ಬಗ್ಗೆ ಏನೆಲ್ಲ ಹೇಳಿಕೊಳ್ಳುತ್ತಾನೆಂದು ನಮಗೆ ಗೊತ್ತಿಲ್ಲದ್ದೇನಲ್ಲ. ಒಂದು ಹೊಲಿಗೆ ಮೆಷಿನ್ನು ಎರಡಾಗುತ್ತದೆ, ಬಾಡಿಗೆ ಅಂಗಡಿ ಸ್ವಂತದ್ದಾಗುತ್ತದೆ. ಆದರೆ ಕಾಪುವಿನ ಟೈಲರ್ ಶೀನ ಕುಕ್ಕುಂದೂರಿನ ಗುಣವತಿಯ ಮನೆ ಚಾವಡಿಯಲ್ಲಿ ಕೂತು, ಕೊಟ್ಟ ಅವಲಕ್ಕಿಯನ್ನು ಬಾಯಿಗೆ ಹಾಕುವ ಮೊದಲೇ ಹೇಳಿದ್ದು ಬೇರೆಯೇ ಮಾತು.

"ಮೊದಲೇ ಹೇಳಿಬಿಡುತ್ತೇನೆ. ಕಾರ್ಕಳ ಠಾಣೆಯಲ್ಲಿ ನನ್ನ ಹೆಸರಿನಲ್ಲಿ ಒಂದು ಕೇಸು ಉಂಟು. ಎಪ್ಪತ್ತೆಂಟರದ್ದು. ಕೋಳಿ ಅಂಕದಲ್ಲಿ, ಹಣ ಕಟ್ಟಿ ಕೋಳಿ ಕಾದಿಸುವಲ್ಲಿ, ಅರೆಸ್ಟ್ ಆಗಿದ್ದೆ ಎಂದು. ನಾನು ಆಗ ಬೊಂಬಾಯಿಯಲ್ಲಿದ್ದೆ. ಯಾರು, ಹೇಗೆ, ಎಂತ ಒಂದೂ ಗೊತ್ತಿಲ್ಲ. ಕಳೆದ ವರ್ಷ ದುಬಾಯಿಗೆ ಹೋಗಲಿಕ್ಕೆಂದು ಪಾಸ್‌ಪೋರ್ಟಿಗೆ ಹಾಕಿದೆ, ಪೊಲೀಸ್ ರಿಪೋರ್ಟ್ ಸರಿ ಇಲ್ಲ ಎಂದು ಅರ್ಜಿ ವಾಪಸು ಬಂತು. ಆಗಲೇ ನನಗೂ ತಿಳಿದದ್ದು."

ಚಾವಡಿಯಲ್ಲಿ ಕೂತವರು ಮುಖ ಗಂಟಿಕ್ಕಿದರು. ಬಾಗಿಲ ಸಂದಿನಲ್ಲಿ ನಿಂತಿದ್ದ ಗುಣವತಿಯ ಮಗಳು ಕುಶಲಾಳಿಗೆ ಮಾತ್ರ ಆ ಮನುಷ್ಯ ಅದೇ ಕ್ಷಣಕ್ಕೆ ಹಿಡಿಸಿಬಿಟ್ಟ. ಮುಚ್ಚಿಡಬಹುದಾದದ್ದನ್ನು ತೆಗೆದು ಎದುರಿಗಿಟ್ಟವನು ನಾಳೆ ತನ್ನಿಂದ ಏನು ಮುಚ್ಚಿಟ್ಟಾನು? ಇಪ್ಪತ್ತಾರು ವರ್ಷಕ್ಕೆ ಅವಳು ಕಂಡ ಐದನೆಯ ಗಂಡು ಅವನು. ಮೊದಲ ನಾಲ್ವರ ಮುಖ ಅವಳಿಗೆ ನೆನಪೂ ಇರಲಿಲ್ಲ.

ಆದರೆ ಆ ಮನೆಯಲ್ಲಿ ಹಿಡಿಸುವುದು, ಬಿಡುವುದು ಎಲ್ಲವೂ ದೂಮಪ್ಪ ಮಾವನ ಕೈಯಲ್ಲಿತ್ತು. ಗುಣವತಿಯ ಅಣ್ಣ ಅವನು. ಅಳಿಯಕಟ್ಟಿನ ಮನೆಗಳಲ್ಲಿ ಸೋದರಮಾವ ಹೂಂ ಎನ್ನದೆ ಮದುವೆಯ ಮಾತು ಅಂಗಳ ದಾಟುವುದಿಲ್ಲ. ಶೀನನೂ ಅವನ ತಾಯಿಯೂ ಬಸ್ಸು ಹತ್ತಿದ್ದೇ ತಡ, ಮಾವ ಎಲೆಗೆ ಸುಣ್ಣ ಸವರುತ್ತಾ ತೀರ್ಪು ಕೊಟ್ಟ. "ಬೆಂಕಿ ಇಲ್ಲದೆ ಹೊಗೆ ಏಳುವುದಿಲ್ಲ. ಸಿಕ್ಕಿಬಿದ್ದವರೆಲ್ಲ ನಾನಲ್ಲ ಎಂದೇ ಹೇಳುವುದು. ಬರುವ ತಿಂಗಳ ಮೊದಲ ಆದಿತ್ಯವಾರ ಅವರು ಉತ್ತರ ಕೇಳಲು ಬರುತ್ತಾರೆ. ಆಗುವುದಿಲ್ಲ ಎಂದು ಹೇಳಿ ಚಾ ಕೊಟ್ಟು ಕಳಿಸುವ."

"ಮಾವ ಹೇಳಿದ್ದೇ ಸರಿ," ಎಂದ ಕುಶಲಾಳ ಅಣ್ಣ ಅಣ್ಣು. "ಬೇರೆ ಗಂಡು ಸಿಗುವುದಿಲ್ಲವಾ?"

ಕುಶಲಾಳಿಗೆ ಇದು ವಿಚಿತ್ರವೆನಿಸಿತು. ಗೇರುಬೀಜದ ಫ್ಯಾಕ್ಟರಿಯಲ್ಲಿ ಶೀನ ಬೊಂಬಾಯಿಗೆ ಹೋಗುವ ಮೊದಲು ಒಂದು ವರ್ಷ ಅಣ್ಣುವೂ ಅವನೂ ಒಟ್ಟಿಗೆ ದುಡಿದವರು. ಬಂದ ಕೂಡಲೇ ಶೀನ "ಎಂತ ಮಾರಾಯ, ನಿನ್ನ ತಂಗಿಯಾ!" ಎಂದು ಅವನ ಬೆನ್ನು ತಟ್ಟಿದ್ದ. ಅಂಥ ಗೆಳೆಯನ ಪರವಾಗಿ ಅಣ್ಣ ಒಂದು ಮಾತು ಆಡಬಾರದೇ? ಅವಳು ಕೇಳಿದಾಗ ಅಣ್ಣು ಸಿಡುಕಿ ಎದ್ದು ಹೋದ. ಅವನಿಗೆ ಕರೆಂಟು ಇಲಾಖೆಯಲ್ಲಿ ಲೈನ್‌ಮನ್ ಕೆಲಸ ಸಿಗುವುದರಲ್ಲಿತ್ತು. ಅದರದೇ ತಲೆಬಿಸಿ ಇರಬೇಕೆಂದು ಅವಳು ಸುಮ್ಮನಾದಳು.

ಅವಳು ಸುಮ್ಮನಾದದ್ದು ಅಣ್ಣನ ವಿಷಯದಲ್ಲಿ ಮಾತ್ರ. ಮರುದಿನ ಮನೆಯಲ್ಲಿ ಕಟ್ಟಿದ ಬೀಡಿಯನ್ನು ಬೀಡಿ ಕಂಪೆನಿಯ ಬ್ರಾಂಚಿಗೆ ಕೊಡಲು ಕಾರ್ಕಳ ಪೇಟೆಗೆ ಹೋದವಳು, ಬೀಡಿ ಕೊಟ್ಟು ಎಲೆ ಹೊಗೆಸೊಪ್ಪು ತೆಗೆದುಕೊಂಡು ನೇರವಾಗಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದಳು.  ಅವಳು ಠಾಣೆಯೊಳಗೆ ಕಾಲಿಟ್ಟದ್ದು ಅದೇ ಮೊದಲು.

ಠಾಣೆಯ ಕಾಗದಪತ್ರ ನೋಡುವ ರೈಟರು ಬರೆಯುತ್ತಿದ್ದ ಪುಸ್ತಕದಿಂದ ತಲೆ ಎತ್ತಿ ಅವಳ ಮಾತನ್ನು ಪೂರ್ತಿ ಕೇಳಿದರು. ಆಮೇಲೆ ಕನ್ನಡಕ ತೆಗೆದರು.

"ಅರೆಸ್ಟ್ ಪುಸ್ತಕ ನೋಡಬೇಕಾ? ಇದು ಎಂತ ಲೈಬ್ರರಿಯಾ? ಅವನು ನಿಮಗೆ ಎಂತ ಆಗಬೇಕು?"

"ಇನ್ನೂ ಎಂತದ್ದೂ ಆಗಿಲ್ಲ. ಆಗಬಹುದಾ ಎಂದು ನೋಡಲಿಕ್ಕೇ ಬಂದದ್ದು."

ರೈಟರ ಮೀಸೆಯ ಕೆಳಗೆ ನಗು ಸುಳಿಯಿತು. ಠಾಣೆಯ ಪುಸ್ತಕವನ್ನು ಕಂಡಕಂಡವರಿಗೆ ತೋರಿಸಲು ತನಗೆ ಅಧಿಕಾರವಿಲ್ಲವೆಂದು ಅವರು ಬಿಡಿಸಿ ಹೇಳಿದರು. ಆದರೆ ಕೇಸು ಕೋರ್ಟಿಗೆ ಹೋಗಿ ತೀರ್ಮಾನವಾಗಿದ್ದರೆ ಕಾಗದಗಳೆಲ್ಲ ಅಲ್ಲಿ ಇರುತ್ತವೆ, ಕೋರ್ಟಿನ ಕಾಗದಕ್ಕೆ ಯಾರು ಬೇಕಾದರೂ ಅರ್ಜಿ ಹಾಕಬಹುದು, ಕಾರಣ ಸರಿ ಕಂಡರೆ ನ್ಯಾಯಾಧೀಶರು ನಕಲು ಕೊಡಿಸುತ್ತಾರೆ. ಇಷ್ಟು ಹೇಳಿ ಎದ್ದು, ಕಪಾಟಿನಿಂದ ಧೂಳು ಹಿಡಿದ ದಪ್ಪ ಪುಸ್ತಕವೊಂದನ್ನು ಇಳಿಸಿ, ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿದರು. ಒಂದು ಚೀಟಿಯಲ್ಲಿ ಕೇಸಿನ ನಂಬರು, ತಾರೀಕು ಬರೆದು ಅವಳ ಕಡೆ ನೂಕಿದರು. "ನಂಬರು ಇಲ್ಲದೆ ಹೋದರೆ ಅಲ್ಲಿ ಒಂದು ತಿಂಗಳು ಅಲೆಸುತ್ತಾರೆ. ನಾನು ಕೊಟ್ಟದ್ದೆಂದು ಹೇಳಬೇಡಿ."

ಖಾಕಿಯ ಒಳಗೂ ಮನುಷ್ಯರಿರುತ್ತಾರೆ ನೋಡಿ. ಶೀನ ಪಾಪ ಒಂದು ವರ್ಷ ಕಾಪು, ಉಡುಪಿ ಎಂದು ಠಾಣೆಯಿಂದ ಠಾಣೆಗೆ ಅಲೆದಿದ್ದ. ಕೋರ್ಟಿಗೆ ಹೋಗಿ ಕೇಳು ಎಂಬ ಒಂದು ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಕೋರ್ಟಿನ ಜಗಲಿಯಲ್ಲಿ ಟೈಪ್‌ರೈಟರ್ ಇಟ್ಟುಕೊಂಡು ಪ್ರೆಸಿಲ್ಲಾ ಬಾಯಿ ಕೂತಿರುತ್ತಿದ್ದರು. ಇಪ್ಪತ್ತು ವರ್ಷ ಪರರ ಜಗಳಗಳನ್ನೇ ಟೈಪು ಮಾಡಿದ ಹೆಂಗಸು. ಕೆಲವು ವಕೀಲರಿಗಿಂತ ಅವರಿಗೇ ಕಾನೂನು ಹೆಚ್ಚು ಗೊತ್ತು ಎಂದು ಪೇಟೆಯಲ್ಲಿ ಮಾತಿತ್ತು, ಆ ಮಾತನ್ನು ವಕೀಲರೂ ಅಲ್ಲಗಳೆಯುತ್ತಿರಲಿಲ್ಲ. ಅವರು ಕುಶಲಾಳ ಚೀಟಿ ನೋಡಿ ಕಾಗದ ಏರಿಸಿದರು.

"ನೀನು ಆ ಕೇಸಿನವಳಲ್ಲ. ಹೊರಗಿನವಳು. ಹಾಗಾಗಿ ಯಾಕೆ ಬೇಕೆಂದು ಬರೆಯಬೇಕು. ಎಂತ ಬರೆಯಲಿ?"

ಕುಶಲಾ ಸೆರಗಿನ ತುದಿ ಹಿಂಡಿದಳು. "ಇದ್ದದ್ದನ್ನೇ ಬರೆಯಿರಿ ಬಾಯಿ."

ಪ್ರೆಸಿಲ್ಲಾ ಬಾಯಿ ಇದ್ದದ್ದನ್ನೇ ಬರೆದರು. ಕೋರ್ಟ್ ಫೀ ಸ್ಟಾಂಪು ಹಚ್ಚಿಸಿ, ಎಲ್ಲಿ ಕೊಡಬೇಕು, ಯಾವಾಗ ಬರಬೇಕು ಎಂದು ಹೇಳಿ ಕಳಿಸಿದರು. ಮೂರನೆಯ ದಿನ ಕೋರ್ಟಿನಲ್ಲಿ ಅವಳ ಹೆಸರು ಕೂಗಿದರು. ಕರಿ ಕೋಟುಗಳ ನಡುವೆ ಬೀಡಿ ಎಲೆಯ ವಾಸನೆಯ ಕೈಗಳನ್ನು ಜೋಡಿಸಿ ಅವಳು ನಿಂತಳು.

"ಈ ಆರೋಪಿಯ ಕಾಗದ ನಿಮಗೇಕಮ್ಮ?" ಎಂದು ನ್ಯಾಯಾಧೀಶರು ಕೇಳಿದರು. ಅರ್ಜಿಯಲ್ಲಿ ಇದ್ದರೂ ಅವಳ ಬಾಯಿಂದಲೇ ಬರಬೇಕೆಂದು ಕಾಣುತ್ತದೆ.

"ಸ್ವಾಮೀ, ಅವರನ್ನು ಮದುವೆಯಾಗುವುದಾ ಬೇಡವಾ ಎಂದು ತಿಳಿಯಬೇಕು. ಅವರು ಅದು ನಾನಲ್ಲ ಎನ್ನುತ್ತಾರೆ. ನಮ್ಮ ಮಾವ ಅವನೇ ಎನ್ನುತ್ತಾರೆ. ಇಬ್ಬರೂ ಕಾಗದ ನೋಡಿಲ್ಲ. ಬದುಕುವವಳು ನಾನು, ಹಾಗಾಗಿ ನಾನೇ ನೋಡುತ್ತೇನೆ."

ಹಿಂದಿನ ಬೆಂಚಿನ ವಕೀಲರು ಕಿಸಕ್ಕೆಂದರು. ಕುಶಲಾಳ ಕಿವಿ ಕೆಂಡವಾಯಿತು. ನ್ಯಾಯಾಧೀಶರು ನಗಲಿಲ್ಲ. "ಇಷ್ಟು ಒಳ್ಳೆಯ ಕಾರಣ ಈ ವರ್ಷ ಯಾರೂ ಬರೆದಿಲ್ಲ," ಎಂದು ಹೇಳಿ ಸಹಿ ಹಾಕಿದರು. ನಕ್ಕವರು ಬಾಯಿ ಮುಚ್ಚಿಕೊಂಡರು.

ಮಾವ ಹೇಳಿದ ಆದಿತ್ಯವಾರಕ್ಕೆ ಎರಡು ದಿನ ಇರುವಾಗ ನಕಲು ಕೈಗೆ ಬಂತು. ಕೋರ್ಟಿನ ಮೆಟ್ಟಿಲ ಮೇಲೇ ಕೂತು ಕುಶಲಾ ಓದಿದಳು. ಆರು ಮಂದಿ ಆರೋಪಿಗಳು, ಒಂಬತ್ತು ಕೋಳಿಗಳು. ಎಲ್ಲರೂ ಮರುದಿನವೇ ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ದರು, ಕೋಳಿಗಳನ್ನು ಏಲಂ ಮಾಡಿದ್ದರು. ಮೂರನೆಯ ಆರೋಪಿ ಶೀನ, ಊರು ಕಾಪು. ತಂದೆಯ ಹೆಸರೂ ಸರಿಯಾಗಿತ್ತು.  ಮಾವನ ಮಾತೇ ನಿಜವಾಯಿತಲ್ಲ ಎಂದುಕೊಳ್ಳುತ್ತಾ ಪುಟ ತಿರುಗಿಸಿದಳು. ಅಲ್ಲಿ ಅರೆಸ್ಟಾದವರ ಚಹರೆಯ ಗುರುತುಗಳನ್ನು ಬರೆದಿದ್ದರು. ಮೂರನೆಯವನ ಎದುರಿಗೆ ಹೀಗಿತ್ತು: ಎಡ ಹುಬ್ಬನ್ನು ಸೀಳಿದ ಹಳೆಯ ಕಲೆ, ಬಲಗೈಯ ಕಿರುಬೆರಳಿನ ತುದಿ ಇಲ್ಲ.

ಕುಶಲಾ ಅದನ್ನು ಮತ್ತೊಮ್ಮೆ ಓದಿದಳು. ಆ ಹುಬ್ಬು ಸೀಳಿದ್ದು ಅವಳೇ. ಏಳು ವರ್ಷದವಳಿದ್ದಾಗ ಮಾವಿನಕಾಯಿಗೆ ಬೀಸಿದ ಕಲ್ಲು ಗುರಿ ತಪ್ಪಿ, ಮರದಡಿ ನಿಂತಿದ್ದ ಅಣ್ಣುವಿನ ಮುಖಕ್ಕೆ ಬಿದ್ದಿತ್ತು. ಕಿರುಬೆರಳು ಹೋದದ್ದು ಗೇರುಬೀಜದ ಫ್ಯಾಕ್ಟರಿಯಲ್ಲಿ. ಬಟ್ಟೆ ಸುತ್ತಿದ ಆ ಕೈಯನ್ನು ಹಿಡಿದುಕೊಂಡು ಅಮ್ಮ ಅತ್ತದ್ದು ಅವಳಿಗೆ ಇನ್ನೂ ನೆನಪಿತ್ತು. ಮೊದಲು ಅವಳಿಗೆ ನಗು ಬಂತು. ಆಮೇಲೆ ಎಂಥ ಸಿಟ್ಟು ಬಂತೆಂದರೆ ಕುಕ್ಕುಂದೂರಿನ ಬಸ್ಸು ಎದುರಿಗೇ ನಿಂತು ಹೊರಟದ್ದೂ ತಿಳಿಯಲಿಲ್ಲ. ಅವಳು ನಡೆದೇ ಮನೆಗೆ ಬಂದಳು.

ಅಣ್ಣು ದನದ ಹಟ್ಟಿಯ ಹಿಂದೆ ತೆಂಗಿನಕಾಯಿ ಸುಲಿಯುತ್ತಿದ್ದ. ಅವಳು ಏನೂ ಹೇಳದೆ ಕಾಗದವನ್ನು ಬಿಡಿಸಿ ಅವನ ಎದುರು ಹಿಡಿದಳು. ಅವನು ಓದಲಿಲ್ಲ. ಕೋರ್ಟಿನ ಮುದ್ರೆ ನೋಡಿದ್ದೇ ಅವನ ಕೈ ಹುಬ್ಬಿನ ಮೇಲೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ.

"ಅಂಕದಲ್ಲಿ ಸಿಕ್ಕಿದವರು ಸ್ವಂತ ಹೆಸರು ಯಾರು ಹೇಳುತ್ತಾರೆ ಕುಶಲಾ?" ಎಂದ ಕೊನೆಗೆ. "ಬೊಂಬಾಯಿಯಲ್ಲಿ ಇರುವವರ ಹೆಸರು ಹೇಳುವುದು ಕ್ರಮ. ಅವರು ಇಲ್ಲಿ ಇಲ್ಲವಲ್ಲ, ಅವರಿಗೆ ಎಂತ ನಷ್ಟ ಎಂದು. ನನಗೆ ಶೀನನ ಹೆಸರು ಬಾಯಿಗೆ ಬಂತು. ಅವನ ಅಪ್ಪನ ಹೆಸರು ಗೊತ್ತಿತ್ತು, ಊರು ಗೊತ್ತಿತ್ತು. ಒಂದು ದಿನದಲ್ಲಿ ಮುಗಿಯಿತು. ಅದು ಪುಸ್ತಕದಲ್ಲಿ ಕೂತು ಅವನನ್ನೇ ಕಾಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ."

"ಆ ದಿನ ಚಾವಡಿಯಲ್ಲಿ ಗೊತ್ತಾಯಿತಲ್ಲ?"

"ಆಯಿತು." ಅವನು ಸುಲಿದ ಕಾಯಿಯನ್ನು ಬದಿಗಿಟ್ಟ. "ಲೈನ್‌ಮನ್ ಕೆಲಸಕ್ಕೂ ಪೊಲೀಸ್ ರಿಪೋರ್ಟ್ ಬೇಕು. ಬಾಯಿ ಬಿಟ್ಟರೆ ಅದು ಹೋಗುತ್ತದೆ."

ಕುಶಲಾಳಿಗೆ ಬೈಯಬೇಕೆಂದಿದ್ದ ನೂರು ಮಾತುಗಳು ಬಾಯಿಯವರೆಗೆ ಬಂದು ನಿಂತವು. ಅಪ್ಪ ಸತ್ತ ಮೇಲೆ ತಾನು ಓದು ಬಿಟ್ಟು ಅವಳನ್ನು ಹತ್ತನೆಯವರೆಗೆ ಓದಿಸಿದ ಅಣ್ಣ ಅವನು. ಇಂದು ಕೋರ್ಟಿನ ಕಾಗದ ಓದಲು ಬಂದದ್ದೂ ಅವನ ದುಡಿಮೆಯಿಂದಲೇ. ಅವಳು ಕಾಗದವನ್ನು ಮಡಚಿದಳು.

"ನಾನು ಮಾವನಿಗೆ ಹೇಳುವುದಿಲ್ಲ ಅಣ್ಣ. ನಾನು ಹೇಳಿದರೆ ಅದು ಚಾಡಿ. ಆದಿತ್ಯವಾರ ಅವರು ಬರುತ್ತಾರೆ. ನಿನಗೂ ಬಾಯಿ ಉಂಟು."

ಹೇಳಿದ್ದೇನೋ ದೊಡ್ಡ ಮಾತು. ಆದರೆ ಆ ಎರಡು ದಿನ ಅವಳು ಪಟ್ಟ ಸಂಕಟ ಅವಳಿಗೇ ಗೊತ್ತು. ಅಣ್ಣ ಹೇಳದಿದ್ದರೆ ಶೀನ ಆಗುವುದಿಲ್ಲ ಎಂಬ ಉತ್ತರ ಹೊತ್ತುಕೊಂಡು ಹೋಗುತ್ತಾನೆ, ಮಾಡದ ತಪ್ಪಿನ ಹೆಸರಿನಲ್ಲೇ ಹೋಗುತ್ತಾನೆ. ಮನೆಯಲ್ಲಿ ಅಣ್ಣು ಉಣ್ಣಲಿಲ್ಲ, ಅವಳೂ ಉಣ್ಣಲಿಲ್ಲ. ಇಬ್ಬರಿಗೂ ಹೊಟ್ಟೆ ಸರಿ ಇಲ್ಲವೆಂದು ಗುಣವತಿ ಓಮದ ನೀರು ಕುದಿಸಿ ಕೊಟ್ಟಳು.

ಆದಿತ್ಯವಾರ ಹನ್ನೊಂದರ ಬಸ್ಸಿಗೆ ಶೀನನೂ ಅವನ ತಾಯಿಯೂ ಬಂದರು. ಚಾ ಕುಡಿದಾಯಿತು. ಮಲ್ಪೆಯಲ್ಲಿ ಬಂಗುಡೆ ಮೀನು ಸಿಗುವುದಿಲ್ಲವೆಂಬ ಮಾತೂ ಮುಗಿಯಿತು. ದೂಮಪ್ಪ ಮಾವ ಗಂಟಲು ಸರಿ ಮಾಡಿಕೊಂಡ. "ನೋಡಿ, ನಮ್ಮದು ಮರ್ಯಾದೆಯ ಮನೆ. ಕೇಸು ಗೀಸು ಇರುವಲ್ಲಿಗೆ ಹೆಣ್ಣು ಕೊಡುವುದೆಂದರೆ..."

"ಮಾವ, ನಿಲ್ಲಿ." ಅಣ್ಣು ಕಂಬ ಹಿಡಿದು ಎದ್ದು ನಿಂತ. "ಕೇಸು ಇರುವುದು ನಮ್ಮ ಮನೆಯಲ್ಲೇ. ಅಂಕದಲ್ಲಿ ಸಿಕ್ಕಿದ್ದು ನಾನು. ಶೀನನ ಹೆಸರು ಹೇಳಿದ್ದೂ ನಾನೇ."

ಅವನು ಒಂದನ್ನೂ ಬಿಡದೆ ಎಲ್ಲ ಹೇಳಿದ. ಕುಶಲಾ ಒಳಗಿನಿಂದ ಬಂದು ಕಾಗದವನ್ನು ಶೀನನ ಕೈಗೇ ಕೊಟ್ಟಳು. ದೂಮಪ್ಪ ಮಾವನ ಬಾಯಲ್ಲಿದ್ದ ಎಲೆಯಡಿಕೆ ಅಲ್ಲೇ ನಿಂತಿತು. ಗುಣವತಿ ತಲೆಗೆ ಕೈ ಹೊತ್ತು ಹೊಸಿಲ ಮೇಲೆ ಕೂತಳು.

ಶೀನ ಕಾಗದವನ್ನು ಮೊದಲಿಂದ ಕೊನೆಯವರೆಗೆ ಓದಿದ. ಅವನ ಮುಖ ಕಪ್ಪಿಟ್ಟಿತು. "ಒಂದು ವರ್ಷ," ಎಂದ. "ಒಂದು ವರ್ಷ ನನ್ನ ತಾಯಿ ಕೂಡ ನನ್ನನ್ನು ಸಂಶಯದಿಂದ ನೋಡಿದ್ದಾಳೆ, ಗೊತ್ತುಂಟಾ?"

ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಣ್ಣು ತಲೆ ಎತ್ತಲಿಲ್ಲ. "ನಾಳೆಯೇ ಕೋರ್ಟಿಗೆ ಹೋಗಿ ನಾನೆಂದು ಬರೆದುಕೊಡುತ್ತೇನೆ. ಕುಶಲಾಳ ಅರ್ಜಿ ಬರೆದ ಟೈಪಿನ ಬಾಯಿ ದಾರಿ ಹೇಳುತ್ತಾರಂತೆ. ನಿನ್ನ ಹೆಸರು ತೆಗೆಸುತ್ತೇನೆ."

"ನಿನ್ನ ಲೈನ್‌ಮನ್ ಕೆಲಸ?"

"ಹೋದರೆ ಹೋಗಲಿ."

ಶೀನ ಎದ್ದು ಅಂಗಳಕ್ಕೆ ಇಳಿದು, ಬೆನ್ನು ಹಾಕಿ ನಿಂತ. ಹೊರಟೇಹೋಗುತ್ತಾನೆಂದು ಕುಶಲಾಳಿಗೆ ಅನಿಸಿತು. ಹೋದರೂ ಅವನ ತಪ್ಪೆನ್ನುವಂತಿರಲಿಲ್ಲ. ಅವಳು ಹಿಂದೆ ಬಂದು ಮೆಟ್ಟಿಲಲ್ಲಿ ನಿಂತಳು.

"ಇದನ್ನು ನೀವು ಹೋಗಿ ತಂದದ್ದಾ?" ಎಂದು ಅವನು ತಿರುಗದೆ ಕೇಳಿದ.

"ಹೌದು."

"ಇದರಲ್ಲಿ ಇರುವುದು ನಾನೇ ಆಗಿದ್ದಿದ್ದರೆ?"

"ಆಗ ನಾನೇ ಆಗುವುದಿಲ್ಲ ಎನ್ನುತ್ತಿದ್ದೆ. ಮಾವ ಹೇಳಬೇಕಾಗಿರಲಿಲ್ಲ."

ಶೀನ ತಿರುಗಿ ಅವಳ ಮುಖವನ್ನು ಚೆನ್ನಾಗಿ ನೋಡಿದ. ಮೊದಲ ಸಲ ಬಂದಾಗ ನಾಚಿಕೆಯಿಂದ ನೋಡಿರಲೇ ಇಲ್ಲ. ಆಮೇಲೆ ಚಾವಡಿ ಹತ್ತಿ, ಇನ್ನೂ ಕಂಬ ಹಿಡಿದು ನಿಂತಿದ್ದ ಅಣ್ಣುವಿನ ಎದುರು ಬಂದ. ಹೊಡೆಯುತ್ತಾನೇನೋ ಎಂದು ದೂಮಪ್ಪ ಮಾವ ಅರ್ಧ ಎದ್ದ.

"ನಾಳೆ ನಾನೂ ಬರುತ್ತೇನೆ. ಆ ಕೋರ್ಟನ್ನು ನಾನು ಒಮ್ಮೆಯೂ ನೋಡಿಲ್ಲ ಮಾರಾಯ, ಹೆಸರು ಮಾತ್ರ ಹೋಗಿ ಬಂದಿದೆ," ಎಂದ ಶೀನ. ಅವನ ಸ್ವರ ಇನ್ನೂ ಪೂರ್ತಿ ಸಡಿಲಾಗಿರಲಿಲ್ಲ. "ಎಷ್ಟು ಗಂಟೆಗೆ ಬರಬೇಕು, ಭಾವ?"

ಭಾವ ಎಂಬುದನ್ನು ಕೇಳಿದ ಅಣ್ಣು ಗಟ್ಟಿಯಾಗಿ ಅತ್ತುಬಿಟ್ಟ. ಕುಶಲಾ ಅವನಿಗೆ ನೀರು ತರಲು ಒಳಗೆ ಓಡಿದಳು.