ಕುಡಿಯದವನ ತಪ್ಪೊಪ್ಪಿಗೆ

ಆರಿಲ್ಯೆ ಊರಿನಲ್ಲಿ ಮನೆಗೊಂದು ಪ್ಲಮ್ ತೋಟ, ತೋಟಕ್ಕೊಂದು ಭಟ್ಟಿ. ಆ ಭಟ್ಟಿಯಿಂದ ಇಳಿಯುವ ರಾಕಿಯಾ ಎಂಬ ಸಾರಾಯಿಯನ್ನು ಮುಟ್ಟದ ಗಂಡಸೆಂದರೆ ರಾದಿಸಾವ್ ಒಬ್ಬನೇ. ಮದುವೆಯಲ್ಲಿ ಕುಡಿದವನಲ್ಲ, ಮಸಣದಲ್ಲಿ ಕುಡಿದವನಲ್ಲ. ಮನೆ ಕಾಯುವ ಸಂತನ ಹಬ್ಬಕ್ಕೆ ಪಾದ್ರಿಯೇ ಗ್ಲಾಸು ಎತ್ತಿ ಹರಸಿದರೂ ತುಟಿಗೆ ಸೋಕಿಸಿದ ಹಾಗೆ ಮಾಡಿ ಕೆಳಗಿಡುತ್ತಿದ್ದ. ಬಸ್ ಓಡಿಸುವವನು. ಕೇಳಿದವರಿಗೆ, "ನನ್ ಬೆನ್ನ ಹಿಂದೆ ಒಂದು ಬಸ್ ಜನ ಕೂತಿರ್ತಾರಪ್ಪ" ಎನ್ನುತ್ತಿದ್ದ. ಜನ ನಗುತ್ತಿದ್ದರು. ಅವನ ಹೆಂಡತಿ ಸ್ತಮೆಂಕಾಳಿಗೆ ಮಾತ್ರ ಆ ಮಾತು ಕೇಳಿದಾಗಲೆಲ್ಲ ಒಳಗೊಳಗೇ ದೀಪ ಹಚ್ಚಿಟ್ಟ ಹಾಗಾಗುತ್ತಿತ್ತು.

ಅಂಥವನ ಲಿವರೇ ಕೆಡಬೇಕೆ? ಸೈನ್ಯದಲ್ಲಿದ್ದಾಗ ಏರಿಸಿದ ಯಾರದೋ ರಕ್ತದಿಂದ ಅಂಟಿದ ಸೋಂಕು, ಇಷ್ಟು ವರ್ಷ ಕಳ್ಳನ ಹಾಗೆ ಒಳಗೇ ಕೂತಿದ್ದು ಈಗ ಮನೆಯನ್ನೇ ತಿಂದುಹಾಕಿತ್ತು. ಬೇರೆ ಲಿವರ್ ಹಾಕದೆ ಗತಿಯಿಲ್ಲ ಎಂದರು ಡಾಕ್ಟರು. ಸತ್ತವರ ಕಡೆಯಿಂದ ಬರಬೇಕಾದದ್ದು ಅದು. ಕಾಯುವವರ ಸಾಲಿನಲ್ಲಿ ಅವನ ಹೆಸರನ್ನೂ ಬರೆದುಕೊಂಡರು.

"ಕುಡಿದಾದ್ರೂ ಕೆಟ್ಟಿದ್ರೆ ಒಂದು ಮರ್ಯಾದೆ ಇರ್ತಿತ್ತಲ್ಲೋ ಮಾರಾಯ!" ಎಂದಿದ್ದ ಬೇಲಿಯಾಚೆಯ ಒಬ್ರೆನ್. ಅವನ ಸಮಾಧಾನ ಯಾವತ್ತೂ ಅಂಥದ್ದೇ.

ಆಮೇಲೆ ಮನೆಗೆ ಡಬ್ಬಿ ಬಂತು. ಬಿಳಿಯದು, ನುಣ್ಣಗೆ, ಒಂದು ಇಡೀ ಬ್ರೆಡ್ಡಿನಷ್ಟು ದೊಡ್ಡದು. ಆಸ್ಪತ್ರೆಯ ಹುಡುಗಿ ಅದನ್ನು ಕಪಾಟಿನ ಮೇಲೆ, ಮನೆಯ ಸಂತನ ಪಟದ ಕೆಳಗೇ ಕೂರಿಸಿದಳು. ರಾದಿಸಾವನ ಎದೆಗೆ ತಣ್ಣನೆಯ ಲೋಳೆ ಸವರಿ ಒಂದು ತೆಳ್ಳನೆ ಪಟ್ಟಿ ಅಂಟಿಸಿದಳು. ಆ ಪಟ್ಟಿ ಬೆವರಿನಿಂದಲೇ ಒಳಗಿನದ್ದೆಲ್ಲ ತಿಳಿದುಕೊಂಡು ಡಬ್ಬಿಗೆ ಹೇಳುತ್ತದಂತೆ. ಡಬ್ಬಿ ಆಸ್ಪತ್ರೆಗೆ ಹೇಳುತ್ತದಂತೆ. ಅದಕ್ಕೊಂದು ಹೆಸರೂ ಇತ್ತು, ನೇಗಾ ಎಂದು. ಮಾತಾಡುತ್ತಿತ್ತು ಕೂಡ.

"ಶುಭೋದಯ, ಪ್ರಿಯ ರಾದಿಸಾವ್ ಅವರೇ. ಈ ದಿನ ತಮ್ಮ ಮನಸ್ಸು ಹೇಗಿದೆ?"

ಮೊದಮೊದಲು ಸ್ತಮೆಂಕಾಳಿಗೆ ಅದರ ಮೇಲೆ ಅಕ್ಕರೆಯೇ ಇತ್ತು. ಸುಳ್ಳು ಹೇಳಬಾರದು. ವಾರವಾರ ದೊಡ್ಡಾಸ್ಪತ್ರೆಗೆ ಹೋಗಿ, ಬಾಗಿಲ ಮುಂದೆ ಕೂತು ಕೂತು ಗಂಡ ಹಳದಿಯಾಗುವುದನ್ನು ನೋಡುವುದು ತಪ್ಪಿತು. ಒಂದು ಮಧ್ಯಾಹ್ನ ಅವನು ಸುಮ್ಮನೆ ಮಲಗಿದ್ದಾನೆ ಎಂದುಕೊಂಡಿದ್ದಾಗ ಡಬ್ಬಿಯೇ ಕೂಗಿ ಆಂಬುಲೆನ್ಸ್ ಕರೆಸಿತ್ತು. ಹೊಟ್ಟೆಯೊಳಗೆ ರಕ್ತ ಒಸರುತ್ತಿತ್ತಂತೆ. ಅವತ್ತು ಅವಳು ಅದರ ಮೈಯನ್ನು ತನ್ನ ಒಳ್ಳೆಯ ಬಟ್ಟೆಯಿಂದ ಒರೆಸಿದ್ದಳು. ರಾಕ್ಷಸನ ಪ್ರಾಣ ದೂರದ ಗುಹೆಯೊಳಗಿನ ಹಕ್ಕಿಯಲ್ಲಿರುತ್ತದೆ ಎಂದು ಅವಳ ಅಜ್ಜಿ ಹೇಳುತ್ತಿದ್ದಳು. ತನ್ನ ಗಂಡನ ಪ್ರಾಣವನ್ನು ಯಾರೋ ತಂದು ಕಪಾಟಿನ ಮೇಲಿಟ್ಟು ಹೋಗಿದ್ದಾರೆ, ಜೋಪಾನ ಮಾಡಬೇಕು ಅನ್ನಿಸಿತ್ತು.

ರಾಸ್ಪ್‌ಬೆರಿ ಕೊಯ್ಲಿನ ಕಾಲ. ಸ್ತಮೆಂಕಾ ಹಣ್ಣಿನ ಶೀತಲಗೃಹದಲ್ಲಿ ಹಣ್ಣು ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಗಂಡನ ಬಳಿ ಅತ್ತೆ ಕೊಸಾರಾ ಇರುತ್ತಿದ್ದಳು. ಕಪ್ಪು ತಲೆವಸ್ತ್ರದ ಮುದುಕಿ, ದೊಡ್ಡ ಕೈ, ಅದಕ್ಕಿಂತ ದೊಡ್ಡ ಬಾಯಿ. ಡಬ್ಬಿಯ ಕಡೆ ಬೆನ್ನು ಹಾಕಿಯೇ ಕೂರುತ್ತಿದ್ದಳು.

ಒಂದು ದಿನ ರಾದಿಸಾವನಿಗೆ ಜ್ವರ ಬಂತು. ಮಾತ್ರೆ ಕೊಡಿ, ನೀರು ಕೊಡಿ, ಇಳಿಯದಿದ್ದರೆ ಸಂಜೆಗೆ ನರ್ಸ್ ಬರುತ್ತಾರೆ ಎಂದಿತು ಡಬ್ಬಿ. ಕೊಸಾರಾ ಮಾತ್ರೆ ಕೊಟ್ಟಳು, ನೀರು ಕೊಟ್ಟಳು. ಆಮೇಲೆ ಆ ಊರಿನ ಯಾವ ತಾಯಿಯಾದರೂ ಮಾಡುವುದನ್ನೇ ಮಾಡಿದಳು. ನೆಲಮಾಳಿಗೆಯಿಂದ ರಾಕಿಯಾ ತಂದು ಮಗನ ಎದೆ, ಬೆನ್ನು, ಕಂಕುಳು ಎಲ್ಲ ತಿಕ್ಕಿದಳು. ಉಣ್ಣೆಯ ಕಾಲುಚೀಲವನ್ನು ಅದರಲ್ಲೇ ಅದ್ದಿ ಪಾದಕ್ಕೆ ಹಾಕಿದಳು. ಸ್ತಮೆಂಕಾ ಬಂದಾಗ ಕೋಣೆಯೆಲ್ಲ ಪ್ಲಮ್ಮಿನ ಘಾಟು. ಗಂಡ ಬೆವರಿ, ಜ್ವರ ಇಳಿದು, ಮಗುವಿನ ಹಾಗೆ ನಿದ್ದೆ ಹೋಗಿದ್ದ.

"ನೋಡೇ, ಇಳೀತು," ಎಂದಳು ಅತ್ತೆ. "ನಿನ್ ಡಬ್ಬಿಗೆ ಕೈ ಇದ್ಯೇನೇ? ತಿಕ್ಕುತ್ತಾ ಅದು?"

ಸ್ತಮೆಂಕಾಳೂ ನಕ್ಕಳು. ಅವಳ ಅಮ್ಮನೂ ಅವಳಿಗೆ ಹೀಗೇ ತಿಕ್ಕಿದ್ದಳು. ತಪ್ಪೇನಿದೆ?

ಆ ವಾರ ಮುಗಿಯುವುದರೊಳಗೆ ಡಬ್ಬಿ ಬೆಳಗಿನ ಕಾಫಿಯ ಹೊತ್ತಿಗೆ ಗಂಟಲು ಸರಿಮಾಡಿಕೊಂಡವರ ಹಾಗೆ ಒಂದು ಸದ್ದು ಮಾಡಿತು.

"ಪ್ರಿಯ ರಾದಿಸಾವ್ ಅವರೇ, ತಮ್ಮ ಬೆವರಿನಲ್ಲಿ ಮದ್ಯದ ಅಂಶ ಅತಿ ಹೆಚ್ಚಿನ ಪ್ರಮಾಣದಲ್ಲಿ ಕಂಡುಬಂದಿದೆ. ನಿಯಮದಂತೆ ತಮ್ಮ ಹೆಸರನ್ನು ಕಾಯುವವರ ಸಾಲಿನಿಂದ ಸದ್ಯಕ್ಕೆ ತೆಗೆಯಲಾಗಿದೆ. ತಮ್ಮ ನೋವು ನನಗೆ ಅರ್ಥವಾಗುತ್ತದೆ."

ರಾದಿಸಾವನ ಕೈಯಲ್ಲಿದ್ದ ಬಟ್ಟಲು ಹಾಗೇ ನಿಂತಿತು. ಕೊಸಾರಾ, "ಏನಂತೆ? ಏನಂತೆ ಅದು?" ಎಂದು ಕೇಳುತ್ತಲೇ ಇದ್ದಳು. ಸ್ತಮೆಂಕಾಳ ಕಿವಿಯಲ್ಲಿ ಕೊನೆಯ ಮಾತೊಂದೇ ಉಳಿದಿತ್ತು. ಅರ್ಥವಾಗುತ್ತದಂತೆ! ಜ್ಯಾಮಿನ ಡಬ್ಬದ ತಳದಲ್ಲಿ ಸತ್ತ ಇರುವೆ ಸಮೇತ ಅಂಟಿಕೊಂಡ ಸಿಹಿಯನ್ನು ನಾಲಿಗೆಗೆ ಬಳಿದ ಹಾಗಾಯಿತು.

ದೊಡ್ಡಾಸ್ಪತ್ರೆಯ ಡಾಕ್ಟರ್ ವೆಲಿಮಿರ್ ಇನ್ನೂ ಚಿಕ್ಕ ವಯಸ್ಸಿನವನು. ಅವಳು ಹೇಳಿದ್ದನ್ನೆಲ್ಲ ಕೇಳಿ ಮುಖ ಸಪ್ಪೆ ಮಾಡಿಕೊಂಡ.

"ಅಕ್ಕ, ನಾನು ನಂಬ್ತೀನಿ. ನಮ್ಮಜ್ಜಿನೂ ನಂಗೆ ಹೀಗೇ ತಿಕ್ಕೋರು."

"ಹಂಗಾದ್ರೆ ಬರೀರಿ. ತಿಕ್ಕಿದ್ದು, ಕುಡಿದಿದ್ದಲ್ಲ ಅಂತ ಒಂದ್ ಸಾಲು ಬರೀರಿ."

"ಎಲ್ಲಿ ಬರೀಲಿ?" ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ. "ಇದ್ರಲ್ಲಿ ಅದಕ್ಕೆ ಜಾಗ ಇಲ್ಲ. ಕುಡಿದಿದಾರಾ, ಇಲ್ವಾ, ಅಷ್ಟೇ. ಅದನ್ನೂ ಎದೆ ಮೇಲಿನ ಪಟ್ಟಿನೇ ತುಂಬಿಬಿಟ್ಟಿದೆ, ನಾನು ಮುಟ್ಟೋ ಹಾಗಿಲ್ಲ."

"ರಕ್ತ ತೆಗೀರಿ ಮತ್ತೆ! ರಕ್ತ ಸುಳ್ಳು ಹೇಳುತ್ತಾ?"

"ತೆಗೀತೀನಿ. ಆದ್ರೆ ಅದನ್ನ ನೋಡಿ ತೀರ್ಮಾನ ಮಾಡೋರು ರಾಜಧಾನಿಯ ಸಮಿತಿಯವ್ರು. ಅವ್ರು ಸೇರೋದು ಚಳಿಗಾಲಕ್ಕೆ." ಅವನು ದನಿ ತಗ್ಗಿಸಿದ. "ಅಲ್ಲೀವರೆಗೂ ಇವ್ರ ಲಿವರ್ ಕಾಯುತ್ತೆ ಅಂತ ನಾನು ಹೇಳಲಾರೆ ಅಕ್ಕ. ಇನ್ನೊಂದು ದಾರಿ ಇದೆ. ಕುಡಿತ ಬಿಡೋರಿಗೆ ನೇಗಾನೇ ಮನೇಲಿ ಪಾಠ ಮಾಡುತ್ತೆ. ತಪ್ಪು ಒಪ್ಪಿಕೊಂಡು ದಿನಾ ಅದರ ಜೊತೆ ಮಾತಾಡಿದ್ರೆ, ಅದೇ ಹೆಸರನ್ನ ಬೇಗ ವಾಪಸ್ ಹಾಕುತ್ತೆ."

"ಮಾಡದ ತಪ್ಪನ್ನ?"

ವೆಲಿಮಿರ್ ಮೇಜಿನ ಮೇಲಿದ್ದ ಲೇಖನಿಯನ್ನು ಆಚೆಗಿಟ್ಟ, ಈಚೆಗಿಟ್ಟ. ಸ್ತಮೆಂಕಾಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಹಣ್ಣಿನ ರಾಶಿಯಲ್ಲಿ ಕೈಯಾಡಿಸುವಾಗ ಚೆಂದದ ಹಣ್ಣೊಂದು ಬೆರಳ ನಡುವೆ ಪಿಚಕ್ಕೆಂದು ಒಡೆದು, ಒಳಗೆ ಹುಳು ಕಂಡಾಗ ಆಗುತ್ತದಲ್ಲ, ಅದಾಯಿತು. ನಂಬುತ್ತಾನಂತೆ, ಆದರೆ ಅವನ ನಂಬಿಕೆಯನ್ನು ಇಡಲು ಜಾಗವಿಲ್ಲವಂತೆ.

ಮನೆಯಲ್ಲಿ ರಾದಿಸಾವ್ ಗೋಡೆಗೆ ಮುಖ ಮಾಡಿ, "ನಾನು ಹೇಳಲ್ಲ" ಎಂದ. "ಸಾಯ್ತೀನಿ, ಹೇಳಲ್ಲ."

"ಸಾಯಿ ಹಂಗಾದ್ರೆ!" ಎಂದು ಕಿರುಚಿದಳು ಕೊಸಾರಾ. "ಸತ್ತು ನನ್ನನ್ನ ಪಾಪಿ ಮಾಡು! ಈ ಕೈಯಿಂದಲೇ ಅಲ್ವಾ ಆಗಿದ್ದು? ಹೇಳೋ ಮಗಾ. ಒಂದು ತಗಡಿನ ಮುಂದೆ ಸುಳ್ಳು ಹೇಳಿದ್ರೆ ದೇವರಿಗೇನು ಹೋಯ್ತು?"

ಮಾರನೆಯ ಬೆಳಿಗ್ಗೆ ಅವನು ಹೇಳಿದ. ಅಂಗಿಯ ಗುಂಡಿಯೆಲ್ಲ ಹಾಕಿಕೊಂಡು, ಮಂಚದ ಅಂಚಿಗೆ ಕೂತು ಹೇಳಿದ. "ನಾನು ರಾದಿಸಾವ್. ನಾನು ಕುಡುಕ."

"ಎಂಥ ಧೈರ್ಯ, ಪ್ರಿಯ ರಾದಿಸಾವ್ ಅವರೇ! ನನಗೆ ತಮ್ಮ ಬಗ್ಗೆ ಹೆಮ್ಮೆಯಾಗುತ್ತಿದೆ."

ಬೇಸಿಗೆಯಾದ್ದರಿಂದ ಕಿಟಕಿ ತೆರೆದಿತ್ತು. ಡಬ್ಬಿಯ ದನಿಯೋ, ಚರ್ಚಿನ ಗಂಟೆಯಂಥದ್ದು. ಆ ಸಂಜೆಯೇ ಒಬ್ರೆನ್ ಬೇಲಿ ದಾಟಿ ಬಂದ. ಕೈಯಲ್ಲಿ ಒಂದು ಸೀಸೆ.

"ಅಲ್ವೋ ಕಳ್ಳ! ಇಷ್ಟು ವರ್ಷ ಒಬ್ಬನೇ ಕುಡೀತಿದ್ದೆಯಾ? ನಾವೇನು ಪರಕೀಯರೇನೋ?" ಎಂದು ರಾದಿಸಾವನನ್ನು ತಬ್ಬಿ ಎರಡೂ ಕೆನ್ನೆಗೆ ಮುತ್ತಿಟ್ಟ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ನಿನ್ನ ಕಂಡ್ರೆ ನಂಗೆ ಭಯ ಆಗ್ತಿತ್ತು ಮಾರಾಯ. ಪಾದ್ರಿಗಿಂತ ಶುದ್ಧ ಅಂತ. ಈಗ ನೋಡು, ನೀನೂ ಮನುಷ್ಯನೇ."

"ಒಬ್ರೆನಣ್ಣ, ಇವ್ರು ಕುಡಿದಿಲ್ಲ," ಎಂದಳು ಸ್ತಮೆಂಕಾ.

"ಹೌದಮ್ಮ, ಹೌದು," ಎಂದು ಅವನು ಕಣ್ಣು ಮಿಟುಕಿಸಿದ. "ನನ್ ಹೆಂಡ್ತಿನೂ ಊರೆಲ್ಲ ಹಂಗೇ ಹೇಳ್ಕೊಂಡು ಬರ್ತಾಳೆ."

ಸೀಸೆಯನ್ನು ಅವಳು ಹಿತ್ತಲಿನಲ್ಲಿ ಸುರಿದಳು. ಆಮೇಲೆ ದಾರಿಯಲ್ಲಿ ಕಂಡವರೆಲ್ಲ ಅವಳನ್ನು ಹೊಸ ಕರುಣೆಯಿಂದ ಮಾತಾಡಿಸತೊಡಗಿದರು. ಹಣ್ಣು ಆರಿಸುವ ಹೆಂಗಸರು ಮೊದಲಿಗಿಂತ ಹತ್ತಿರ ಸರಿದು ಕೂತರು. ತಮ್ಮ ತಮ್ಮ ಗಂಡಂದಿರ ಹೊಡೆತ, ಬೈಗುಳದ ಕತೆಗಳನ್ನು ಅವಳ ಮಡಿಲಿಗೆ ಸುರಿದರು, ಅವಳೂ ಏನಾದರೂ ಹೇಳಲಿ ಎಂದು ಕಾದರು. ಊರಿಗೆ ಬೇಕಾಗಿದ್ದೇ ಇದು. ಇಷ್ಟು ವರ್ಷ ಇವರೆಲ್ಲ ಇದಕ್ಕಾಗಿಯೇ ಬಾಯಿ ತೆರೆದುಕೊಂಡು ಕಾಯುತ್ತಿದ್ದರೇ? ಅವಳ ಮೈಮೇಲೆ ಜಿಗಣೆ ಹರಿದ ಹಾಗಾಗುತ್ತಿತ್ತು.

ಅದಕ್ಕಿಂತ ಹೇಸಿಗೆಯಾದದ್ದು ಮನೆಯೊಳಗೆ. ಡಬ್ಬಿಗೆ ಬರೀ ಒಪ್ಪಿಗೆ ಸಾಲದು, ಕತೆಯೂ ಬೇಕು. ಮೊದಲ ಸಲ ಎಲ್ಲಿ? ಯಾರ ಜೊತೆ? ಕುಡಿದಾಗ ಹೆಂಡತಿಯನ್ನು ಹೊಡೆದದ್ದುಂಟೆ? ರಾದಿಸಾವ್ ಮೊದಲು ತೊದಲಿದ. ಆಮೇಲೆ ಕಟ್ಟಿ ಹೇಳುವುದನ್ನು ಕಲಿತ. ಬಸ್ಸಿನ ಸೀಟಿನ ಕೆಳಗೆ ಸೀಸೆ ಬಚ್ಚಿಡುತ್ತಿದ್ದೆ ಎಂದ. ತನ್ನ ಬೆನ್ನ ಹಿಂದೆ ನಂಬಿ ಕೂತ ಜನರನ್ನೇ ಕತೆಯೊಳಕ್ಕೆ ಎಳೆದು ತಂದ. ಕತೆ ಚೆನ್ನಾದಷ್ಟೂ ಡಬ್ಬಿಯ ದನಿ ಕರಗುತ್ತಿತ್ತು. "ತಮ್ಮ ಪ್ರಾಮಾಣಿಕತೆಗೆ ಧನ್ಯವಾದಗಳು."

ಅಡುಗೆಮನೆಯಲ್ಲಿ ಬೀನ್ಸ್ ಬಿಡಿಸುತ್ತಾ ಸ್ತಮೆಂಕಾ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಗಂಡನ ದನಿಯಲ್ಲಿ ಈಚೀಚೆಗೆ ಸ್ವಲ್ಪ ಖುಷಿ ಬೆರೆತಿದೆಯೇ? ಹೌದು ಅನ್ನಿಸಿದ ದಿನ ಅವಳಿಗೆ ಊಟ ಸೇರಲಿಲ್ಲ.

ಹಣ್ಣಿನ ಕಾಲ ಮುಗಿಯುತ್ತಾ ಬಂದಾಗ ಡಬ್ಬಿ ಕೇಳಿತು, "ತಮಗೆ ಮದ್ಯವನ್ನು ತಂದುಕೊಡುತ್ತಿದ್ದವರು ಯಾರು? ಆ ಹೆಸರು ತಿಳಿದರೆ ನಮ್ಮ ಪಾಠ ಪೂರ್ಣವಾಗುತ್ತದೆ. ತಮ್ಮ ಹೆಸರನ್ನು ಸಾಲಿಗೆ ಸೇರಿಸಬಹುದು."

ರಾದಿಸಾವ್ ಡಬ್ಬಿಯಿಂದ ಮುಖ ತಿರುಗಿಸಿದ. ಒಲೆಯ ಪಕ್ಕದಿಂದ ಕೊಸಾರಾ ಎದ್ದು ಬಂದು ಮಗನ ಮುಂದೆ ನಿಂತಳು. ತನ್ನ ಎದೆಯನ್ನು ಬೆರಳಿನಿಂದ ಕುಟ್ಟಿ ತೋರಿಸಿದಳು. ಅವನು ಆಗದು ಎಂದು ತಲೆಯಾಡಿಸಿದ. ಅವಳು ಮತ್ತೆ ಕುಟ್ಟಿದಳು.

"ನಮ್ಮಮ್ಮ," ಎಂದ ಅವನು.

"ಧನ್ಯವಾದಗಳು. ಇದು ಬಹಳ ಕಷ್ಟದ ಮಾತು ಎಂದು ನನಗೆ ಗೊತ್ತು. ತಮ್ಮ ಕ್ಷೇಮಕ್ಕಾಗಿ ತಾಯಿಯವರು ಇನ್ನು ಮುಂದೆ ಇದೇ ಮನೆಯಲ್ಲಿ ವಾಸಿಸದಿರುವುದು ಒಳ್ಳೆಯದು. ಅವರು ಹೋದ ದಿನವೇ ತಮ್ಮ ಹೆಸರು ಸಾಲಿಗೆ ಮರಳುತ್ತದೆ."

ಕೊಸಾರಾ ಅಳಲಿಲ್ಲ. ಚಾಚಕ್ ಪಟ್ಟಣದಲ್ಲಿರುವ ಮಗಳ ಮನೆಗೆ ಹೋಗುತ್ತೇನೆಂದು ಬಟ್ಟೆ ಮಡಚಿದಳು. ತಾನು ನೇಯ್ದ ಉಣ್ಣೆಯ ಹೊದಿಕೆಯನ್ನು ಒಮ್ಮೆ ಎತ್ತಿಕೊಂಡು, ಮತ್ತೆ ಮಗನ ಕಾಲ ಮೇಲೇ ಬಿಟ್ಟಳು. ಮಗನ ಹಣೆ ಮುಟ್ಟಲು ಹೋದ ಕೈಯನ್ನು, ಎದೆಯ ಪಟ್ಟಿ ಕಣ್ಣಿಗೆ ಬಿದ್ದದ್ದೇ, ಕೆಂಡ ಕಂಡವಳ ಹಾಗೆ ಹಿಂದಕ್ಕೆ ತೆಗೆದುಕೊಂಡಳು.

"ಬಿಡಿ ಅತ್ತೆ, ಹೋಗ್ಬೇಡಿ. ಅದನ್ನೇ ಎತ್ತಿ ನದಿಗೆ ಹಾಕ್ತೀನಿ," ಎಂದಳು ಸ್ತಮೆಂಕಾ ಬಸ್ ನಿಲ್ದಾಣದಲ್ಲಿ.

"ಹಾಕಿ ಅವನನ್ನೂ ಮಣ್ಣಿಗೆ ಹಾಕ್ತೀಯಾ?" ಕೊಸಾರಾ ರಸ್ತೆಯ ಮೇಲೆ ಉಗಿದಳು. "ನಂಗೆ ಮಗಳ ಮನೆ ಇದೆ ಕಣೇ. ನಿಂಗೆ ಅದರ ಜೊತೆ ಇರಬೇಕಾಗಿದೆ. ನಿನ್ನ ನೆನೆಸ್ಕೊಂಡ್ರೆ ನಂಗೆ ಅಯ್ಯೋ ಅನ್ನಿಸುತ್ತೆ."

ಬಸ್ಸು ಹೊರಟಿತು. ಓಡಿಸುತ್ತಿದ್ದವನು ರಾದಿಸಾವನ ಜಾಗಕ್ಕೆ ಬಂದ ಹೊಸಬ. ಸ್ತಮೆಂಕಾ ನಡೆದೇ ಮನೆಗೆ ಬಂದಳು. ಇವತ್ತು ಸಂತೋಷಪಡಬೇಕಾದ ದಿನ, ಗಂಡ ಬದುಕಬಹುದು ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು. ಹೇಳಿದಷ್ಟೂ ಬಾಯಿ ಕಹಿಯಾಯಿತು.

ಕೋಣೆಯಲ್ಲಿ ರಾದಿಸಾವ್ ಕಣ್ಣು ಮುಚ್ಚಿ ಮಲಗಿದ್ದ. ನಿದ್ದೆ ಬಂದಿರಲಿಲ್ಲ, ರೆಪ್ಪೆ ಅದುರುತ್ತಿತ್ತು.

"ಶುಭ ಸಮಾಚಾರ," ಎಂದಿತು ಡಬ್ಬಿ. "ರಾದಿಸಾವ್ ಅವರ ಹೆಸರು ಮತ್ತೆ ಸಾಲಿನಲ್ಲಿದೆ. ಪ್ರಿಯ ಸ್ತಮೆಂಕಾ ಅವರೇ, ರೋಗಿಯ ಚೇತರಿಕೆಯಲ್ಲಿ ಮನೆಯವರ ಮನಸ್ಸಿನ ಪಾತ್ರ ದೊಡ್ಡದು. ಈಗ ಮನೆಯ ವಾತಾವರಣ ಶಾಂತವಾಗಿದೆಯೇ? ತಾವು ಹೇಗಿದ್ದೀರಿ?"

ಇನ್ನು ಇದು ತನ್ನನ್ನೂ ಕೇಳುತ್ತದೆ. ತಾನು ಹೇಳಿದ್ದನ್ನೂ ಎಲ್ಲಿಗೋ ಕಳಿಸುತ್ತದೆ. ಅವಳಿಗೆ ಕಪಾಟಿನ ತನಕ ಹೋಗಿ ಅದರ ಬಿಳಿ ಮುಖದ ಮೇಲೆ ಉಗಿಯಬೇಕೆನ್ನಿಸಿತು. ಬಾಯಲ್ಲಿ ಎಂಜಲೂ ತುಂಬಿತು. ಮಂಚದ ಮೇಲೆ ಗಂಡನ ಹಳದಿ ಕೈ ಹೊದಿಕೆಯ ಅಂಚನ್ನು ಬಿಗಿಯಾಗಿ ಹಿಡಿದಿತ್ತು, ಅವಳ ಉತ್ತರಕ್ಕಾಗಿ ಕಾಯುತ್ತಿತ್ತು.

ಎಂಜಲು ನುಂಗಿಕೊಂಡಳು.

"ಶಾಂತವಾಗಿದೆ ಕಣಮ್ಮ," ಎಂದಳು. "ನಾವೆಲ್ಲ ತುಂಬಾ ಚೆನ್ನಾಗಿದೀವಿ. ಎಲ್ಲ ನಿನ್ನಿಂದಲೇ."

ಸಕ್ಕರೆ ಪಾಕದ ಹಾಗೆ ಎಳೆ ಎಳೆಯಾಗಿ ಇಳಿದ ಆ ದನಿ ತನ್ನದೇ ಎಂದು ತಿಳಿಯಲು ಅವಳಿಗೆ ಒಂದು ಗಳಿಗೆ ಬೇಕಾಯಿತು.