ಕಬ್ಬಿಣದ ಕಪಾಟಿಗೆ ಬಂದ ಇಂಟರ್ನೆಟ್ಟು

ಧಾರವಾಡದ ಲಕಮನಹಳ್ಳಿಯಲ್ಲಿ ಕಬ್ಬಿಣ ಕಡೆಯುವ ಲೇಥ್ ಯಂತ್ರಗಳ ಶೆಡ್ ನಡೆಸುವ ಬಾಬುಸಾಬರು ಕೂದಲೆಳೆಯಷ್ಟು ಅಳತೆ ತಪ್ಪಿದರೂ ಸುಮ್ಮನಿರುವ ಮನುಷ್ಯರಲ್ಲ. ಅಂಥವರ ಶೆಡ್ಡಿನ ಮೂಲೆಯಲ್ಲೇ, ಎರಡು ಸಾವಿರದ ಒಂಬತ್ತರ ಮಳೆಗಾಲದಲ್ಲಿ, ಪಂಪಿನ ದಂಡಕ್ಕೆ ತೊಡಿಸುವ ಬಳೆಯಂಥ ನಲವತ್ತು ಬುಷ್‌ಗಳು ಗುಜರಿ ಸೇರಲು ಬಿದ್ದಿದ್ದವು. ಅವು ಕಣ್ಣಿಗೆ ಬಿದ್ದಾಗಲೆಲ್ಲ ಅವರು ಮುಖ ತಿರುಗಿಸುತ್ತಿದ್ದರು.

ಅವರ ಕೈ ತಪ್ಪಿರಲಿಲ್ಲ. ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಪಂಪ್ ಕಾರ್ಖಾನೆಯವರು ನಕ್ಷೆಯನ್ನು ಇ-ಮೇಲ್‌ನಲ್ಲಿ ಕಳಿಸುತ್ತಿದ್ದರು. ಬಾಬುಸಾಬರು ಬಸ್ಸು ಹತ್ತಿ ಹುಬ್ಬಳ್ಳಿಯ ದುರ್ಗದಬೈಲಿಗೆ ಹೋಗಿ, ಅಳಿಯನ ಸೈಬರ್ ಅಂಗಡಿಯಲ್ಲಿ ಅದನ್ನು ಪ್ರಿಂಟ್ ಹಾಕಿಸಿ ತರುತ್ತಿದ್ದರು. ಧಾರವಾಡದಲ್ಲಿ ಸೈಬರ್ ಇರಲಿಲ್ಲ ಎಂದಲ್ಲ. ಅಳಿಯನ ಅಂಗಡಿ ಇರುವಾಗ ಇನ್ನೊಬ್ಬರ ಮೆಟ್ಟಿಲು ಹತ್ತುವುದು ಅವರಿಗೆ ಸರಿಕಾಣುತ್ತಿರಲಿಲ್ಲ. ಆ ಸಲ ಅವರು ಹಿಂದಿರುಗುವ ಹೊತ್ತಿಗೆ ಕಾರ್ಖಾನೆಯವರು ಅಳತೆ ತಿದ್ದಿ ಇನ್ನೊಂದು ಮೇಲ್ ಕಳಿಸಿದ್ದರು. ಅದು ಸಿಕ್ಕಿದ್ದು ಮೂರು ದಿನದ ಮೇಲೆ, ನಲವತ್ತೂ ಹಳೆಯ ಅಳತೆಗೆ ತಯಾರಾದ ನಂತರ.

ಕಾರ್ಖಾನೆಯ ಇಂಜಿನಿಯರ್ ದುರ್ಗೇಶ ಫೋನ್ ಮಾಡಿ ಹೇಳಿದ. “ಬಾಬುಸಾಬರ, ನಿಮ್ಮ ಕೆಲಸ ಛಲೋ ಐತ್ರಿ. ಆದ್ರ ಸೋಮವಾರದಿಂದ ಮೇಲ್ ಹಾಕಿದ ದಿನಾನ ಉತ್ತರ ಬರಬೇಕು. ಇಲ್ಲಂದ್ರ ಆರ್ಡರು ಬ್ಯಾರೇದವರಿಗೆ ಹೊಕ್ಕತಿ.”

ಆ ಆರ್ಡರು ಹೋದರೆ ಶೆಡ್ಡಿನ ಮೂರು ಲೇಥ್‌ಗಳಲ್ಲಿ ಎರಡು ನಿಂತಂತೆಯೇ. ಬ್ರಾಡ್‌ಬ್ಯಾಂಡ್ ತಂತಿಗೆ ಅರ್ಜಿ ಕೊಟ್ಟು ಎಂಟು ತಿಂಗಳಾಗಿತ್ತು. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಂಪ್ಯೂಟರನ್ನೂ ತಂದಿಟ್ಟಿದ್ದರು. “ನಿಮ್ಮ ರಸ್ತೆಗೆ ಖಾಲಿ ಲೈನಿಲ್ಲ” ಎಂಬ ಮಾತು ಬಿಟ್ಟು ಬೇರೇನೂ ಬಂದಿರಲಿಲ್ಲ.

ಪಕ್ಕದ ಶೆಡ್ಡಿನಲ್ಲಿ ರಬ್ಬರ್ ವಾಷರ್ ತಯಾರಿಸುವ ದ್ರಾಕ್ಷಾಯಿಣಿ ಅಂದೇ ಮಧ್ಯಾಹ್ನ ಬಂದಳು.

“ತಂತಿ ದಾರಿ ಎಷ್ಟು ದಿನಾ ಕಾಯ್ತೀರಿ, ಕಾಕಾ? ನಾ ಡಾಟಾ ಕಾರ್ಡ್ ತಗೊಂಡೇನಿ. ಮೊಬೈಲ್ ಟವರಿನಿಂದನ ಇಂಟರ್ನೆಟ್ ಬರತೈತಿ.”

ಅವಳ ಅಂಗೈಯಲ್ಲಿ ಬೆರಳುದ್ದದ ಒಂದು ತುಂಡು ಇತ್ತು. ಬಾಬುಸಾಬರು ಅದನ್ನು ತಿರುಗಿಸಿ ನೋಡಿದರು.

“ತಂತಿ ಇಲ್ಲದ ಬರೋದು ಮಾತಷ್ಟ, ದ್ರಾಕ್ಷಾಯಿಣಿ. ನಕ್ಷಾ ಹೆಂಗ ಬರತೈತಿ? ಗಾಳ್ಯಾಗ ಬಂದ ಅಳತಿ ನಂಬಿ ನಾ ಕಬ್ಬಿಣ ಕೊರೀಬೇಕೇನು?”

“ಎಂಟು ತಿಂಗಳಿಂದ ತಂತೀನೂ ಗಾಳ್ಯಾಗ ಐತಲ್ಲ” ಎಂದರು ಅವರ ಹೆಂಡತಿ ರೆಹಮತ್‌ಬಿ, ಚಹಾ ತಂದಿಡುತ್ತ.

ಚಹಾ ಮುಗಿಸಿ ಬಾಬುಸಾಬರು ಪೇಟೆಗೆ ಹೋಗಿ ತಾವೂ ಒಂದು ಕಾರ್ಡು ತಂದರು. ಶನಿವಾರ ಬೆಳಿಗ್ಗೆ ಕಂಪ್ಯೂಟರಿಗೆ ಚುಚ್ಚಿದರು. ಸಿಗ್ನಲ್ ಇಲ್ಲ. ಮಧ್ಯಾಹ್ನ ನೋಡಿದರು, ಆಗಲೂ ಇಲ್ಲ. ದ್ರಾಕ್ಷಾಯಿಣಿಯನ್ನು ಕರೆಸಿದರು.

“ನೋಡವಾ, ನಾ ಹೇಳಿದ್ದ ಖರೇ ಆತಿಲ್ಲೋ?” ಸೋತ ಬೇಸರಕ್ಕಿಂತ ಗೆದ್ದ ಸಮಾಧಾನವೇ ಆ ದನಿಯಲ್ಲಿ ಹೆಚ್ಚಿತ್ತು.

ದ್ರಾಕ್ಷಾಯಿಣಿ ಕಂಪ್ಯೂಟರ್ ಹುಡುಕಿದಳು. ಕೂದಲೆಳೆ ಅಳೆಯುವ ಮೈಕ್ರೋಮೀಟರನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡುವ ಕೈಯದು, ಹೊಸ ಕಂಪ್ಯೂಟರನ್ನು ಬಯಲಲ್ಲಿ ಬಿಟ್ಟೀತೇ? ಕಬ್ಬಿಣದ ಪುಡಿ ಸೇರದಿರಲೆಂದು ಬಾಬುಸಾಬರು ದಪ್ಪ ತಗಡಿನ ಕಪಾಟು ಮಾಡಿದ್ದರು. ಮೇಲಿನ ಗಾಜಿನ ಹಿಂದೆ ಕಂಪ್ಯೂಟರಿನ ಪರದೆ, ಕೆಳಗಿನ ಖಾನೆಯಲ್ಲಿ ಕಂಪ್ಯೂಟರ್ ಪೆಟ್ಟಿಗೆ, ಅದರ ಬಾಗಿಲಿಗೆ ಬೀಗ. ಕಾರ್ಡು ಆ ಬೀಗದ ಒಳಗಿತ್ತು.

ಅವಳು ನಗಲಿಲ್ಲ. ತನ್ನ ಮೊಬೈಲನ್ನು ಆ ಖಾನೆಯಲ್ಲಿಟ್ಟು ಬಾಗಿಲು ಹಾಕಿದಳು.

“ಈಗ ನನಗ ಫೋನ್ ಹಚ್ಚರಿ.”

ಬಾಬುಸಾಬರು ಹಚ್ಚಿದರು. “ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ” ಎಂದಿತು ಹೆಣ್ಣುದನಿ. ಚಂದಾದಾರಳು ಎದುರಿಗೇ ನಿಂತಿದ್ದಳು. ಅವರು ಕಪಾಟನ್ನೊಮ್ಮೆ, ಫೋನನ್ನೊಮ್ಮೆ ನೋಡಿ, ಹೊಟ್ಟೆ ಹಿಡಿದು ನಕ್ಕರು.

“ತಪ್ಪು ಟವರಿಂದಲ್ಲ. ಈ ತಗಡಿನ್ಯಾಗ ಸಿಗ್ನಲ್ ಹೊಗೂದಿಲ್ಲ, ನಾನ ಬೀಗ ಹಾಕೇನಿ.”

ಮುಂದಿನದು ಅವರಿಗೇ ಬರುವ ಕೆಲಸ. ಕಪಾಟಿಗೆ ತೂತು ಕೊರೆದರು. ಉದ್ದದ ಯುಎಸ್‌ಬಿ ತಂತಿ ಹಾಯಿಸಿ ಕಾರ್ಡನ್ನು ಕಿಟಕಿಗೆ ತಂದು ತೂಗುಹಾಕಿದರು. ಧೂಳು ಕೂರದಂತೆ ರೆಹಮತ್‌ಬಿ ಅದಕ್ಕೊಂದು ಬಟ್ಟೆಯ ಚೀಲ ಹೊಲಿದರು. ಸಿಗ್ನಲ್ ಬಂತು.

“ತಿಂಗಳಿಗೆ ಇಷ್ಟ ಅಂತ ಮಿತಿ ಇರತೈತ್ರಿ” ಎಂದು ದ್ರಾಕ್ಷಾಯಿಣಿ ಎಚ್ಚರಿಸಿದಳು. “ನಕ್ಷಾ, ಮೇಲ್ ಎಲ್ಲಾ ಸಾಕಷ್ಟು ಬರತಾವ. ಸಿನಿಮಾ ಹಚ್ಚಿ ಕುಂತ್ರ ಲಗೂ ಮುಗೀತೈತಿ.”

ಸೋಮವಾರ ಹನ್ನೊಂದಕ್ಕೆ ದುರ್ಗೇಶನ ನಕ್ಷೆ ಬಂತು. ಲೇಥ್ ತಿರುಗತೊಡಗಿತ್ತು, ಅಷ್ಟರಲ್ಲಿ ತಿದ್ದಿದ ನಕ್ಷೆಯೂ ಬಂತು. “ಲೇಥ್ ನಿಲ್ಲಸ್ರಿ, ಒಳಗಿನ ಅಳತಿ ಬದಲಾಗೈತಿ” ಎಂದು ರೆಹಮತ್‌ಬಿ ಪರದೆಯ ಮುಂದಿನಿಂದ ಕೂಗಿದರು. ಒಂದು ಬುಷ್ ಕೂಡ ಹಾಳಾಗಲಿಲ್ಲ. ರೆಹಮತ್‌ಬಿಯವರೇ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿ ಉತ್ತರ ಕಳಿಸಿದರು. ಆರ್ಡರು ಉಳಿಯಿತು. ಮೂರು ಲೇಥ್‌ಗಳೂ ಉಳಿದವು.

ಎರಡು ತಿಂಗಳ ಮೇಲೆ ಬ್ರಾಡ್‌ಬ್ಯಾಂಡ್ ತಂತಿಯವರೇ ಶೆಡ್ಡಿಗೆ ಬಂದರು. ಆ ರಸ್ತೆಯಲ್ಲಿ ಆಗಲೇ ಹತ್ತು ಕಿಟಕಿಗಳಲ್ಲಿ ಕಾರ್ಡುಗಳು ತೂಗುತ್ತಿದ್ದವು.

“ಈ ವಾರದಾಗ ಲೈನ್ ಕೊಡ್ತೇವ್ರಿ. ಮಿತಿ ಇಲ್ಲ” ಎಂದರು.

“ಎಂಟು ತಿಂಗಳು ನಾ ನಿಮ್ಮಲ್ಲಿಗೆ ಬಂದೆ, ಈಗ ನೀವು ನನ್ನಲ್ಲಿಗೆ ಬಂದೀರಿ” ಎಂದು ಬಾಬುಸಾಬರು ಕುರ್ಚಿ ಎಳೆದು ಹಾಕಿದರು. “ಕೂಡ್ರಿ, ಚಹಾ ಕುಡೀರಿ. ಕೆಟ್ರ ಎಷ್ಟು ದಿನದಾಗ ರಿಪೇರಿ ಮಾಡ್ತೀರಿ, ಮದಲ ಅದನ್ನ ಹೇಳ್ರಿ. ಆಮ್ಯಾಲೆ ಕಿಟಕ್ಯಾಗಿಂದೂ ನಿಮ್ದೂ ತೂಗಿ ನೋಡೂನು.”

ಈ ಕಥೆ ಕೇಳುತ್ತಿರುವ ಅಕ್ಕ-ಅಣ್ಣಂದಿರೇ, ನಿಮ್ಮ ಓಣಿಗೆ ತಂತಿ ಬಂದಿಲ್ಲವೆಂದು ಕೈಕಟ್ಟಿ ಕೂರಬೇಡಿ. ನೆರೆಯವರ ಕಾರ್ಡನ್ನು ಒಂದು ದಿನ ಕೇಳಿ ತಂದು, ನೀವು ಕೆಲಸ ಮಾಡುವ ಜಾಗದಲ್ಲೇ ಚುಚ್ಚಿ ಸಿಗ್ನಲ್ ನೋಡಿ. ಮಿತಿ ಎಷ್ಟೆಂದು ಕೇಳಿಕೊಂಡೇ ಕೊಳ್ಳಿ. ತಂತಿಯೂ ಬಂದರೆ ಎರಡನ್ನೂ ತೂಗಿ ನೋಡಿ, ಆರಿಸುವ ಹಕ್ಕು ಈಗ ನಿಮ್ಮದು. ಇಷ್ಟು ನೋಡಿದ ಮೇಲೂ ಸಿಗ್ನಲ್ ಬಾರದಿದ್ದರೆ, ಬೈಯುವ ಮೊದಲು ಒಮ್ಮೆ ಕಪಾಟಿನ ಬಾಗಿಲು ತೆರೆದು ನೋಡಿ.