ಪುಟದ ಅಡಿಯ ಸಾಲು

"ನಮ್ಮ ಅಬ್ಬಾ ಯಾರದಾದ್ರೂ ವಸ್ತು ಇಟ್ಕಂಡಿದ್ರೆ ಈಗ್ಲೇ ಹೇಳ್ರಿ. ಹಂಗೇ ಮಣ್ಣಿಗಿಡಾಕಾಗಲ್ಲ."

ಶವದ ಮುಂದೆ ಜನಾಜಾ ನಮಾಜಿಗೆ ನಿಲ್ಲುವ ಮುನ್ನ ಮಗ ರೌಫ್ ಕೂಗಿ ಕೇಳಿದಾಗ, ಹರಿಹರದ ಖಬರಸ್ತಾನದ ಬೇವಿನಡಿ ನಿಂತಿದ್ದ ವಾಮದೇವಪ್ಪ ಮೇಷ್ಟ್ರ ತುಟಿಗೆ ಬಂದ ಮಾತು ಹಾಗೇ ಒಳಗಿಳಿಯಿತು.

"ಖಾಜಾ ಸಾಬ್ರು ಇಟ್ಕಳೋರೇ?" ಮಂಡಿಪೇಟೆಯ ಕಾಗದದಂಗಡಿಯ ಅಬ್ದುಲ್ ರಹೀಮ್ ಪಿಸುಗುಟ್ಟಿದ. "ಕಾಗದ ಕಟ್ಟಿದ ದಾರಾನೂ ವಾಪಸ್ ತಂದ್ಕೊಡ್ತಿದ್ರು!"

ಮೇಷ್ಟ್ರ ಚೀಲದಲ್ಲಿ ಪುಸ್ತಕದ ಕರಡು, ಜೊತೆಗೆ ಒಂದು ಪತ್ರಿಕೆಯವರ ಕಾಗದ: ನಿಮ್ಮ ಪಾಠದ ಟಿಪ್ಪಣಿಗಳಲ್ಲಿ ನಮ್ಮ ಲೇಖನಗಳಿವೆ, ಯಾವುದು ಯಾರದೆಂದು ಹೆಸರಿಸಿ ಅನುಮತಿ ಪಡೆಯದೆ ಅಚ್ಚು ಹಾಕಕೂಡದು. ಹತ್ತು ವರ್ಷ ಹೇಳಿ ಹೇಳಿ, ಯಾವ ಮಾತು ಓದಿದ್ದು, ಯಾವುದು ತನ್ನದು ಎಂಬುದೇ ಅವರಿಗೆ ಮರೆತಿತ್ತು. ಗೊತ್ತಿದ್ದವನು ಒಬ್ಬನೇ. ಅವನೀಗ ಬಿಳಿ ಬಟ್ಟೆಯೊಳಗಿದ್ದ.

*

ಆ ಹತ್ತು ವರ್ಷ ಮೇಷ್ಟ್ರು ಪಾಠ ಹೇಳಿದ ದಾವಣಗೆರೆಯ ಶಿಕ್ಷಕರ ತರಬೇತಿ ಶಾಲೆಯಲ್ಲಿ ಖಾಜಾ ಹುಸೇನ್ ಮೇಣದ ಹಾಳೆಯ ಮೇಲೆ ಉಕ್ಕಿನ ಮೊನೆಯಿಂದ ಅಕ್ಷರ ಕೊರೆದು, ಸೈಕ್ಲೋಸ್ಟೈಲ್ ಯಂತ್ರ ತಿರುಗಿಸಿ ಪ್ರತಿ ತೆಗೆಯುತ್ತಿದ್ದ. ಪತ್ರಿಕೆಗಳಲ್ಲಿ ಗುರುತು ಹಾಕಿ, ಕೆಲವೊಮ್ಮೆ ಕೈಯಲ್ಲೇ ಬರೆದು ಕೊಡುವುದು ಮೇಷ್ಟ್ರ ಕೆಲಸ. ಪುಟದ ಅಡಿಯಲ್ಲಿ ಖಾಜಾ ತಾನಾಗಿ ಒಂದು ಸಾಲು ಸೇರಿಸುವನು: ಲೇಖಕರ ಹೆಸರು, ಪತ್ರಿಕೆ, ತಿಂಗಳು.

"ಯಾಕ್ರೀ ಸಾಬ್ರೆ? ಇದು ಪಾಠ, ವಂಶಾವಳಿ ಅಲ್ಲ. ಅಳಿಸ್ರಿ."

"ಬರ್ದೋರು ಕಣ್ಣು ಸವೆಸಿರ್ತಾರಲ್ಲ, ಸರ್."

"ಪರೀಕ್ಷೇಲಿ ಅದನ್ನ ಯಾರೂ ಕೇಳಲ್ಲ."

ಖಾಜಾ ಕೊರೆದ ಅಕ್ಷರ ಮುಚ್ಚುವ ಕೆಂಪು ದ್ರವದ ಸೀಸೆ ತೆರೆದು ಸಾಲಿನ ಮೇಲೆ ಕುಂಚ ಎಳೆಯುತ್ತಿದ್ದ. ಮುಂದಿನ ಹಾಳೆಯಲ್ಲಿ ಮತ್ತೆ ಬರೆಯುವನು, ಮತ್ತೆ ಅಳಿಸುವನು. ಅಳಿಸಬೇಕೆಂದು ಗೊತ್ತಿದ್ದೂ ಯಾಕೆ ಬರೆಯುತ್ತಾನೆ? ತಿಳಿಯುವ ಆಸೆ ಮೇಷ್ಟ್ರಿಗಿತ್ತು; ಕೇಳಲು ಬಿಗುಮಾನ.

*

ಎಲ್ಲರಂತೆ ಮೂರು ಹಿಡಿ ಮಣ್ಣು ಹಾಕಿ, ಮೇಷ್ಟ್ರು ರೌಫನ ಜೊತೆ ಮನೆಯವರೆಗೂ ನಡೆದರು.

"ಆಗ್ಲೇ ಹೇಳ್ಬೇಕಿತ್ತಪ್ಪ. ನಿಮ್ಮಪ್ಪ ಏನೂ ಇಟ್ಕಂಡಿಲ್ಲ. ಅವರು ಹಾಳೇ ಅಡೀಲಿ ಬರ್ದಿದ್ದ ಹೆಸರುಗಳ್ನ ನಾನೇ ಅಳಿಸಿಸ್ದೆ. ಈಗ ಅದೇ ಬೇಕಾಗೈತೆ."

ಪರದೆಯ ಹಿಂದಿನಿಂದ ದಿಲ್ಷಾದ್ ಬೇಗಂ, ಖಾಜಾನ ಹೆಂಡತಿ, ಮೂಗೊರೆಸಿಕೊಂಡು ಅಂದಳು: "ಆ ಹಾಳೆಗುಳಾ? ಬಿಸಾಕ್ರಿ ಅಂದ್ರೆ ಕೇಳ್ತಿರ್ಲಿಲ್ಲ. ಸೀಮೆಎಣ್ಣೇಲಿ ಮಸಿ ತೊಳ್ದು ಹಗ್ಗದ ಮ್ಯಾಲೆ ಒಣಗಿಸೋರು. ನನ್ನ ಸೀರೆಗೇ ಜಾಗ ಇರ್ತಿರ್ಲಿಲ್ಲ. ರೌಫ್, ಟ್ರಂಕಿನಾಗೈತೆ ನೋಡು."

ರೌಫ್ ಟ್ರಂಕಿನಿಂದ ತೆಗೆದ ಮೊದಲ ಮೇಣದ ಹಾಳೆಯನ್ನು ಅಂಗಳದಲ್ಲಿ ಬಿಸಿಲಿಗೆ ಹಿಡಿದ. ಕೆಂಪು ಪಟ್ಟಿಯ ಕೆಳಗೆ ಅದೇ ಸಾಲು ಹೊಸದಾಗಿ ಕೊರೆದಿತ್ತು. ಪ್ರತಿಗಳೆಲ್ಲ ತೆಗೆದಾದ ಮೇಲೆ ಖಾಜಾ ಮತ್ತೆ ಬರೆದಿದ್ದ, ಯಾರೂ ಓದದ ಹಾಳೆಯಲ್ಲಿ. ಬೆಳಕು ತೂರಿ ಹೆಸರು ಹೊಳೆಯಿತು. ರೌಫ್ ಒಂದೊಂದೇ ಓದಿದ. ಮೇಷ್ಟ್ರು ಕಲ್ಲಿನ ಮೇಲೆ ಕೂತು, ಕರಡಿನ ಅಡಿಯಲ್ಲಿ ಪೆನ್ಸಿಲಿನಿಂದ ಬರೆದುಕೊಂಡರು.

ಕೊನೆಯ ಹಾಳೆಗೆ ರೌಫ್ ತಡವರಿಸಿದ. "ಇದ್ರಾಗೆ ಬ್ಯಾರೆ ಐತೆ, ಸರ್: 'ಎರಡು ತಿಂಗಳು ಹುಡುಕಿದೆ, ಎಲ್ಲೂ ಸಿಗಲಿಲ್ಲ. ಇದು ವಾಮದೇವಪ್ಪ ಸರ್ ಅವರ ಸ್ವಂತದ್ದು.'"

ಪೆನ್ಸಿಲು ನಿಂತಿತು.

"ಬರ್ಕಳ್ರಿ ಸರ್, ಕೈ ನೋಯ್ತೈತೆ," ಎಂದ ರೌಫ್. ಹಾಳೆಯನ್ನು ಮಾತ್ರ ಬಿಸಿಲಿನಿಂದ ಇಳಿಸಲಿಲ್ಲ.